ಮಕ್ಕಳ ತಟ್ಟೆಯ ಪಟ್ಟಿ ಬರೆಯುವವರು ಯಾರು?

ಮಲೆನಾಡಿನ ಯಾವ ಊರಿನ ಶಾಲೆಯಲ್ಲಿ ಪೋಷಕರ ಸಭೆ ಸೇರಿದರೂ ಒಂದು ದೂರು ತಪ್ಪದೇ ಕೇಳಿಬರುತ್ತದೆ. ಮಕ್ಕಳು ಸೊಪ್ಪು ಮುಟ್ಟುವುದಿಲ್ಲ, ತಂಬುಳಿ ಕಂಡರೆ ಮುಖ ತಿರುಗಿಸುತ್ತಾರೆ, ಸಾಂಬಾರಿನ ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸಿ ಏಳುತ್ತಾರೆ. ಅಂಗಡಿಯ ಮುಂದೆ ತೋರಣದಂತೆ ನೇತಾಡುವ ಐದು ರೂಪಾಯಿಯ ಪೊಟ್ಟಣ ಕಂಡಾಗ ಮಾತ್ರ ಅವರ ಹಸಿವು ಕೆರಳುತ್ತದೆ. ದೂರಿನ ಕೊನೆಯಲ್ಲಿ ಬರುವ ತೀರ್ಪು ಕೂಡ ಎಲ್ಲೆಡೆ ಒಂದೇ: ಈಗಿನ ಮಕ್ಕಳ ನಾಲಗೆ ಕೆಟ್ಟಿದೆ. ಈ ತೀರ್ಪನ್ನು ಒಪ್ಪಲಾಗದು. ನಾಲಗೆ ತಾನಾಗಿ ಕೆಡುವ ವಸ್ತುವಲ್ಲ. ಮಗು ತನ್ನ ಎದುರಿಗಿರುವುದರಲ್ಲಿ ಆಯ್ದುಕೊಳ್ಳುತ್ತದೆ. ಎದುರಿಗೆ ಏನಿರಬೇಕೆಂದು ನಿರ್ಧರಿಸುವವರು ದೊಡ್ಡವರು. ಮಲೆನಾಡಿನಲ್ಲಿ ಬಹುಕಾಲ ಆ ನಿರ್ಧಾರದಲ್ಲಿ ಕಾಡಿಗೂ ಒಂದು ಪಾಲಿತ್ತು. ಆ ಪಾಲು ಕೈತಪ್ಪಿದ್ದು ಹೇಗೆಂಬುದನ್ನು ನೋಡದೆ ಮಕ್ಕಳನ್ನು ದೂರುವುದು ನ್ಯಾಯವಲ್ಲ.

ಈ ಮಾತಿಗೆ ದೂರದ ದೇಶದ ಒಂದು ಪ್ರಯೋಗ ಪುಷ್ಟಿ ಕೊಡುತ್ತದೆ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ 1920ರ ದಶಕದಲ್ಲಿ ಆಗಷ್ಟೇ ಹಾಲು ಬಿಟ್ಟ ಹಸುಳೆಗಳ ಆಹಾರದ ಆಯ್ಕೆಯನ್ನು ಪರೀಕ್ಷೆಗೆ ಒಡ್ಡಿದರು. ವರ್ಷಗಳ ಕಾಲ ನಡೆದ ಆ ಪ್ರಯೋಗದಲ್ಲಿ ಒಟ್ಟು 15 ಮಕ್ಕಳಿದ್ದರು. ಮೂವತ್ತಕ್ಕೂ ಹೆಚ್ಚು ಬಗೆಯ ಆಹಾರಗಳ ಪಟ್ಟಿಯಿಂದ ಆರಿಸಿದ್ದನ್ನು ಪ್ರತಿ ಊಟಕ್ಕೂ ಬೇರೆ ಬೇರೆ ಬಟ್ಟಲುಗಳಲ್ಲಿ ಇಡಲಾಗುತ್ತಿತ್ತು. ದಾದಿಯರು ಒತ್ತಾಯಿಸುವಂತಿರಲಿಲ್ಲ, ಹೊಗಳುವಂತಿರಲಿಲ್ಲ, ಮುಖ ಸಿಂಡರಿಸುವಂತೆಯೂ ಇರಲಿಲ್ಲ. ಮಗು ಕೈ ಚಾಚಿದ ಬಟ್ಟಲಿನಿಂದ ಮಾತ್ರ ಚಮಚ ಎತ್ತಬೇಕಿತ್ತು. ಒಂದು ಮಗುವಿನ ಆಯ್ಕೆ ಇನ್ನೊಂದರಂತಿರಲಿಲ್ಲ. ಒಂದೇ ಮಗುವಿನ ಇಂದಿನ ಊಟ ನಾಳೆಯದರಂತಿರಲಿಲ್ಲ. ಆದರೂ ಎಲ್ಲ ಮಕ್ಕಳೂ ಗಟ್ಟಿಮುಟ್ಟಾಗಿ ಬೆಳೆದವು. ರಿಕೆಟ್ಸ್ ರೋಗದಿಂದ ಮೂಳೆ ಮೆದುವಾಗಿದ್ದ ಒಂದು ಮಗು, ದೊಡ್ಡವರೇ ಮೂಗು ಮುಚ್ಚಿಕೊಂಡು ಕುಡಿಯುವ ಮೀನೆಣ್ಣೆಯನ್ನು ತಾನಾಗಿ ಬೇಕೆಂದು ಸೇವಿಸಿ, ಗುಣವಾದ ಮೇಲೆ ಅದನ್ನು ಬಿಟ್ಟಿತಂತೆ. ಮಕ್ಕಳ ಮೇಲೆ ಇಂತಹ ಪ್ರಯೋಗ ನಡೆಸಲು ಇಂದು ಯಾವ ದೇಶವೂ ಅನುಮತಿ ಕೊಡಲಾರದು. ಆ ಮಾತು ಹಾಗಿರಲಿ.

ಮಗುವಿನ ದೇಹಕ್ಕೆ ಬೇಕಾದದ್ದು ಮಗುವಿಗೇ ಗೊತ್ತು ಎಂದು ಹೇಳಲು ಈ ಪ್ರಯೋಗವನ್ನು ಬಳಸುವವರುಂಟು. ಡೇವಿಸ್ ಅವರೇ 1939ರ ತಮ್ಮ ಬರಹದಲ್ಲಿ ಬೇರೆಯದನ್ನು ಹೇಳಿದ್ದಾರೆ. ಪ್ರಯೋಗದ ಗುಟ್ಟು ಇದ್ದದ್ದು ಆಹಾರದ ಪಟ್ಟಿಯಲ್ಲಿ. ಧಾನ್ಯ, ಹಣ್ಣು, ತರಕಾರಿ, ಹಾಲು, ಮೊಟ್ಟೆ, ಮಾಂಸ, ಮೀನು ಇದ್ದ ಆ ಪಟ್ಟಿಯಲ್ಲಿ ಸಕ್ಕರೆಯಾಗಲಿ ಡಬ್ಬಿಯಲ್ಲಿ ತುಂಬಿದ ತಿನಿಸಾಗಲಿ ಇರಲಿಲ್ಲ. ಏನನ್ನು ಆಯ್ದರೂ ತಪ್ಪಾಗದಂತೆ ಪಟ್ಟಿಯನ್ನು ಮೊದಲೇ ಬರೆಯಲಾಗಿತ್ತು. ಸಂಸ್ಕರಿಸಿದ ತಿಂಡಿಗಳನ್ನು ಸೇರಿಸಿ ಇನ್ನೊಂದು ಪ್ರಯೋಗ ನಡೆಸುವ ಆಸೆ ಅವರಿಗಿತ್ತು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಹಣ ಒದಗಲಿಲ್ಲ. ಆ ಎರಡನೆಯ ಪ್ರಯೋಗವೇ ಇಂದು ಘಟ್ಟದ ಪ್ರತಿ ಊರಿನ ಅಂಗಡಿಯ ಮುಂದೆ ನಡೆಯುತ್ತಿದೆ. ಅದರ ಫಲಿತಾಂಶ ತಾಯಂದಿರ ಬಾಯಲ್ಲಿ ದೂರಾಗಿ ಹೊರಬೀಳುತ್ತಿದೆ.

ಕಾಡು ಬರೆದ ಪಟ್ಟಿ

ಮಲೆನಾಡಿನ ಮಗುವಿಗೆ ಒಂದು ಕಾಲದಲ್ಲಿ ಇಂತಹ ಪಟ್ಟಿಯನ್ನು ಯಾರೂ ಕುಳಿತು ಬರೆಯಬೇಕಾಗಿರಲಿಲ್ಲ. ಶಾಲೆಗೆ ಹೋಗುವ ಕಾಲುದಾರಿಯೇ ಅದನ್ನು ಬರೆಯುತ್ತಿತ್ತು. ಚಳಿಗಾಲದ ನೆಲ್ಲಿ, ಬೇಸಿಗೆಯ ಕವಳಿ, ಹಣ್ಣುಸಂಪಿಗೆ, ಮುರುಗಲು, ಕೇಪಳದ ಕೆಂಪು ಹಣ್ಣು, ಮಳೆ ಹಿಡಿಯುವ ಹೊತ್ತಿಗೆ ನಾಲಗೆಯನ್ನು ನೀಲಿ ಮಾಡುವ ನೇರಳೆ, ಮರದಡಿ ಬಿದ್ದ ಕಾಡುಮಾವು, ಹೆಬ್ಬಲಸು: ಇವುಗಳಿಗೆ ಬೆಲೆ ಇರಲಿಲ್ಲ, ಅಳತೆ ಇರಲಿಲ್ಲ. ಯಾವುದು ತಿನ್ನಬಹುದು, ಯಾವುದು ಬಾಯಿ ಒಗರು ಮಾಡುತ್ತದೆ, ಯಾವುದನ್ನು ಮುಟ್ಟಬಾರದು ಎಂಬ ಪಾಠವನ್ನು ನಾಲ್ಕನೆಯ ತರಗತಿಯವರು ಒಂದನೆಯ ತರಗತಿಯವರಿಗೆ ದಾರಿಯಲ್ಲೇ ಕಲಿಸುತ್ತಿದ್ದರು. ಮನೆಯೊಳಗೂ ಅದರದೇ ಮುಂದುವರಿಕೆ. ತೋಟದ ಕಾದಿಗೆಯ ಬದಿಯ ಒಂದೆಲಗ ತಂಬುಳಿಯಾಗುತ್ತಿತ್ತು, ಮಳೆಗಾಲದಲ್ಲಿ ಮರದ ಕವಲಿನಲ್ಲಿ ಚಿಗುರುವ ಮರಗೆಸು ಪತ್ರೊಡೆಯಾಗುತ್ತಿತ್ತು, ಚಗಟೆ ಸೊಪ್ಪು ಪಲ್ಯವಾಗುತ್ತಿತ್ತು. ಕಳಲೆ ದಿನಗಟ್ಟಲೆ ನೀರಿನಲ್ಲಿ ನೆನೆದು ಕಹಿ ಕಳೆದುಕೊಂಡ ಮೇಲೆ ಹುಳಿಯಾಗುತ್ತಿತ್ತು. ಮೊದಲ ಮಳೆಗೆ ಗದ್ದೆಗೆ ಏರಿಬರುವ ಹತ್ತುಮೀನು, ಹಳ್ಳದ ಏಡಿ, ತಿನ್ನುವವರ ಮನೆಗಳಲ್ಲಿ ಮಕ್ಕಳ ಹಬ್ಬವಾಗಿದ್ದವು.

ಕೊಡಗಿನಲ್ಲಿ ಕಕ್ಕಡ ಮಾಸದ ಹದಿನೆಂಟನೆಯ ದಿನ, ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ರಸದಲ್ಲಿ ಪಾಯಸ ಮಾಡುವ ಪದ್ಧತಿ ಇಂದಿಗೂ ಉಳಿದಿದೆ. ಗಾಢ ನೇರಳೆ ಬಣ್ಣದ ಆ ಪಾಯಸ ಉಂಡವರ ಮೂತ್ರ ಕೆಂಪಾಗುತ್ತದೆ. ಮಕ್ಕಳಿಗೆ ಅದೊಂದು ತಮಾಷೆ. ಮದ್ದಿನ ವಾಸನೆಯ ಸೊಪ್ಪನ್ನು ಮಕ್ಕಳು ಕಾದು ಕುಳಿತು ತಿನ್ನಲು ಈ ತಮಾಷೆಯೂ ಒಂದು ಕಾರಣವೆಂಬುದನ್ನು ಪೌಷ್ಟಿಕತೆಯ ಭಾಷಣ ಮಾಡುವವರು ಗಮನಿಸಬೇಕು. ಒಳ್ಳೆಯದೆಂದು ಹೇಳಿದ ಮಾತ್ರಕ್ಕೆ ಯಾವ ಮಗುವೂ ತಿನ್ನುವುದಿಲ್ಲ. ದಿನ, ಕತೆ, ಜೊತೆಗಾರರು, ಒಂದಿಷ್ಟು ಕುತೂಹಲ ಇದ್ದರೆ ಕಹಿಯನ್ನೂ ತಿನ್ನುತ್ತದೆ.

ರುಚಿಯ ಕಲಿಕೆ ಶಾಲೆಗಿಂತ ಬಹಳ ಮೊದಲೇ ಆರಂಭವಾಗುತ್ತದೆ ಎಂಬುದಕ್ಕೆ ಈಗ ಆಧಾರವಿದೆ. ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವು ತಾಯಂದಿರು ಬಸಿರಿನಲ್ಲಿ ಅಥವಾ ಬಾಣಂತನದಲ್ಲಿ ಗಜ್ಜರಿಯ ರಸ ಕುಡಿದರು. ಆ ಮಕ್ಕಳು ಮುಂದೆ ಗಜ್ಜರಿ ಬೆರೆಸಿದ ಗಂಜಿಯನ್ನು ಇತರ ಮಕ್ಕಳಿಗಿಂತ ಸಲೀಸಾಗಿ ಒಪ್ಪಿಕೊಂಡವು. ಹೊಸ ರುಚಿಯನ್ನು ಮೊದಲ ಸಲ ಉಗುಳುವ ಮಗು ಹತ್ತು ಹದಿನೈದು ಬಾರಿ ಸವಿದ ಮೇಲೆ ಅದನ್ನು ತನ್ನದಾಗಿಸಿಕೊಳ್ಳಬಲ್ಲದು ಎಂಬುದೂ ಅನೇಕ ಅಧ್ಯಯನಗಳಿಂದ ತಿಳಿದಿದೆ. ಹಾಗಾದರೆ ಒಂದೆಲಗವನ್ನು ವರ್ಷಕ್ಕೆ ಎರಡು ಸಲ ಕಾಣುವ ಮಗು ಅದನ್ನು ಮೆಚ್ಚುವುದೆಂತು? ಪೊಟ್ಟಣದ ಖಾರಾ ಕಡ್ಡಿಯನ್ನು ಅದು ದಿನವೂ ಸವಿಯುತ್ತದೆ. ರುಚಿಯ ಸ್ಪರ್ಧೆಗಿಂತ ಮೊದಲು ಎಣಿಕೆಯಲ್ಲೇ ಒಂದೆಲಗ ಸೋತಿರುತ್ತದೆ.

ಪಟ್ಟಿ ಅಳಿಸಿದ್ದು ಹೇಗೆ

ಕಾಡಿನ ಪಟ್ಟಿ ಒಂದೇ ದಿನದಲ್ಲಿ ಅಳಿಸಲಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು. ಬಿದಿರು ಕ್ಷೀಣಿಸಿದಾಗ ಹಳ್ಳಿಗರ ದನಗಳೇ ಕಾರಣವೆಂದು ಬೆರಳು ತೋರಲಾಯಿತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡು ಸುತ್ತಿ ನೋಡಿದಾಗ ಬೇರೆಯದೇ ಕಂಡಿತು. ಕಡಿಯಲು ಅನುಕೂಲವಾಗಲೆಂದು ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ತೆಗೆಯಲಾಗುತ್ತಿತ್ತು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ಮೊಳಕೆಗಳು ದನ ಮತ್ತು ಕಾಡುಪ್ರಾಣಿಗಳ ಬಾಯಿಗೆ ಹೋದವು. ಕಳಲೆಯನ್ನು ಅಡುಗೆಮನೆಯಿಂದ ದೂರ ಮಾಡಿದ್ದರಲ್ಲಿ ಮಕ್ಕಳ ನಾಲಗೆಯ ಪಾತ್ರ ಏನೂ ಇರಲಿಲ್ಲ.

ಆಮೇಲೆ ಅಕೇಶಿಯಾ ಬಂತು. 1980ರ ದಶಕದಿಂದೀಚೆಗೆ ಶಿವಮೊಗ್ಗ ಮತ್ತು ಉತ್ತರ ಕನ್ನಡದ ಗುಡ್ಡಗಳಲ್ಲಿ ಸಾಲು ಹಿಡಿದು ನಿಂತ ಈ ಮರದಲ್ಲಿ ಮಗು ಕೈ ಚಾಚಬಹುದಾದ ಒಂದು ಹಣ್ಣೂ ಇಲ್ಲ. ಹಕ್ಕಿ, ಮಂಗ, ಮಗು ಮೂವರಿಗೂ ಅದು ಬರಡು. ಗುಡ್ಡ ಹಸಿರಾಗಿದೆ ಎಂಬ ಇಲಾಖೆಯ ಲೆಕ್ಕಕ್ಕೆ ಇದರಿಂದ ತೊಂದರೆಯೇನೂ ಆಗದು. ಇತ್ತ ತೋಟಗಳಲ್ಲಿ ಕಳೆನಾಶಕದ ಕ್ಯಾನು ಹೊತ್ತವರು ಓಡಾಡತೊಡಗಿದರು. ಒಂದೆಲಗ, ಹೊನಗೊನೆ, ನೆಲ ಹಿಡಿದು ಬೆಳೆಯುವ ಹತ್ತಾರು ಸೊಪ್ಪುಗಳು ಆ ದ್ರಾವಣದ ಪಾಲಿಗೆ ಕಳೆಗಳು. ಶುಂಠಿ ಗದ್ದೆಯ ವಿಷ ಹಳ್ಳಕ್ಕಿಳಿದರೆ ಏಡಿ, ಮೀನು ಉಳಿಯುವುದು ಕಷ್ಟ. ಅಂತಹ ತೋಟದ ಅಂಚಿನಲ್ಲಿ ಸೊಪ್ಪು ಚಿಗುರಿದರೂ ಮಗುವಿನ ಬಾಯಿಗೆ ಇಡಲು ಧೈರ್ಯ ಸಾಲದು.

ಕಾಲುದಾರಿಯೂ ಹೋಯಿತು. ಊರಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದು, ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಯ ವ್ಯಾನು ಅಂಗಳದ ತುದಿಗೆ ಬಂದು ನಿಲ್ಲುತ್ತದೆ. ಬೆಳಗಿನ ಚಹಾದಲ್ಲಿ ಟೋಸ್ಟ್ ಅದ್ದಿ ತಿಂದ ಮಗು ಗಾಜಿನ ಕಿಟಕಿಯಿಂದ ನೇರಳೆ ಮರವನ್ನು ನೋಡುತ್ತ ಸಾಗುತ್ತದೆ. ನಡೆದು ಹೋಗುವ ಮಕ್ಕಳನ್ನು ಕಾಡಿಗೆ ಬಿಡಲು ತಾಯಂದಿರು ಹೆದರುವುದಕ್ಕೂ ಕಾರಣವಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವುದು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ, ಅಂದರೆ ಕಾಡುಹಣ್ಣು ಮಾಗುವ ಕಾಲದಲ್ಲೇ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳನ್ನು ಕಂಡವರಿಗೆ, ಮಕ್ಕಳನ್ನು ಕಾಡಿಗೆ ಕಳುಹಿಸಿ ಎಂದು ಉಪದೇಶಿಸುವುದು ಕ್ರೌರ್ಯವಾದೀತು. ಹಿಂದಿನ ದಿನಗಳನ್ನು ಹಾಗೆಯೇ ಮರಳಿ ತರಬಹುದೆಂಬ ಭ್ರಮೆ ಪರಿಸರದ ಕಾರ್ಯಕರ್ತರಿಗೂ ಬೇಡ.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ಕಾಡಿನ ಆಹಾರವೆಲ್ಲ ಸವಿನೆನಪಿನ ಆಹಾರವಲ್ಲ. ಜಮೀನಿಲ್ಲದ ಮನೆಗಳಲ್ಲಿ ಅಕ್ಕಿ ತೀರಿದಾಗ ಕಾಡುಗೆಣಸು ಅಗೆದದ್ದು, ಬರಗಾಲದಲ್ಲಿ ಬೈನೆ ಮರದ ತಿರುಳನ್ನು ಕುಟ್ಟಿ ಹಿಟ್ಟು ಮಾಡಿದ್ದು ಬಡತನದ ಚರಿತ್ರೆ. ಅದನ್ನು ಉಂಡು ಬೆಳೆದ ತಂದೆತಾಯಿಗಳು ತಮ್ಮ ಮಕ್ಕಳಿಗೆ ಬಿಳಿ ಅನ್ನ, ಬೇಕರಿ ತಿನಿಸು ಕೊಡಿಸುವುದರಲ್ಲಿ ಮಾನವನ್ನು ಕಾಣುತ್ತಾರೆ. ಸೊಪ್ಪು, ಗೆಡ್ಡೆ, ಏಡಿ ತಿನ್ನುವವರನ್ನು ಕೀಳಾಗಿ ಕಂಡ ಸಮಾಜ ಅವರ ಕೈಯಲ್ಲಿ ಹೊಳೆಯುವ ಪೊಟ್ಟಣವನ್ನು ಇಟ್ಟಿದೆ. ಈ ಅವಮಾನವನ್ನು ತೊಡೆಯದೆ ಪಾರಂಪರಿಕ ಆಹಾರದ ಹೊಗಳಿಕೆ ಉಳ್ಳವರ ವಿನೋದವಾಗುತ್ತದೆ. ಜೊಯಿಡಾದಲ್ಲಿ ಕುಣಬಿ ಸಮುದಾಯದವರು ತಾವು ಬೆಳೆಸಿ ಉಳಿಸಿಕೊಂಡು ಬಂದ ಗೆಡ್ಡೆಗೆಣಸುಗಳನ್ನು ಮೇಳದಲ್ಲಿ ಹರವಿ ನಿಂತಾಗ, ಪೇಟೆಯವರು ಸಾಲುಗಟ್ಟಿ ಕೊಂಡುಕೊಳ್ಳುತ್ತಾರೆ. ಅಲ್ಲಿ ತಮ್ಮ ಮನೆಯ ಗೆಡ್ಡೆಗೆ ಬೆಲೆ ಬಂದುದನ್ನು ನೋಡುವ ಮಗುವಿಗೆ ಯಾವ ಪಠ್ಯವೂ ಕೊಡಲಾರದ ಪಾಠ ಸಿಗುತ್ತದೆ.

ಅಂಗಡಿಯ ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉಪ್ಪು, ಎಣ್ಣೆ, ಸಕ್ಕರೆಗಳನ್ನು ನಾಲಗೆ ಬಿಡದಂತೆ ಬೆರೆಸುವುದೇ ಅದರ ವಿದ್ಯೆ. ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು, ಜಾಹೀರಾತು ಮಾಡಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಹಳ್ಳಿಯ ಶಾಲೆಯ ಎದುರಿನ ಗೂಡಂಗಡಿಗೆ ಈ ನಿಯಮದ ಸುದ್ದಿ ತಲುಪಿದಂತಿಲ್ಲ. ತಿಂದೆಸೆದ ಪೊಟ್ಟಣ ಮಳೆ ಬಂದಾಗ ಹಳ್ಳಕ್ಕೆ, ಅಲ್ಲಿಂದ ಹೊಳೆಗೆ ಹೋಗುತ್ತದೆ.

ಸರ್ಕಾರದ ಪಟ್ಟಿ

ಉಳಿದಿರುವುದು ಶಾಲೆಯ ಬಿಸಿಯೂಟ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಬಳಿಕ, 2002ರ ಜೂನ್‌ನಲ್ಲಿ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಮರುವರ್ಷ ಮಲೆನಾಡಿಗೂ ಬಂತು. ಅದಕ್ಕೆ ಮೊದಲು ತಿಂಗಳಿಗೆ ಮೂರು ಕಿಲೋ ಧಾನ್ಯ ಹಂಚಿ ಕೈತೊಳೆದುಕೊಳ್ಳಲಾಗುತ್ತಿತ್ತು. ಎಲ್ಲ ಜಾತಿಯ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿ, ಒಂದೇ ಒಲೆಯ ಅನ್ನ ಬಡಿಸುವ ಈ ಯೋಜನೆಯ ಹಿರಿಮೆಯನ್ನು ಅಲ್ಲಗಳೆಯುವವರು ಹಸಿದ ಮಗುವನ್ನು ಕಂಡಿಲ್ಲ. 2013ರಿಂದ ಹಾಲು ಸೇರಿತು, ಆಮೇಲೆ ಮೊಟ್ಟೆ, 2024ರಲ್ಲಿ ರಾಗಿ ಮಾಲ್ಟ್. ಮೊಟ್ಟೆಯ ಬಗ್ಗೆ ದೊಡ್ಡವರು ವರ್ಷಗಟ್ಟಲೆ ಜಗಳವಾಡಿದರು. ಆಯ್ಕೆ ಕೊಟ್ಟಾಗ ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆಯ್ದುಕೊಂಡು ಜಗಳಕ್ಕೆ ಉತ್ತರ ಕೊಟ್ಟರು.

ಆದರೆ ಬೀದರಿನಿಂದ ಮಡಿಕೇರಿಯವರೆಗೆ ಪಟ್ಟಿಯ ಬೆನ್ನೆಲುಬು ಒಂದೇ: ಗೋದಾಮಿನಿಂದ ಬಂದ ಬಿಳಿ ಅಕ್ಕಿ, ತೊಗರಿಬೇಳೆ, ಎಣ್ಣೆ. ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದವರಿಗೆ 75 ಗ್ರಾಂ ತರಕಾರಿ ಇರಬೇಕೆಂಬುದು ನಿಯಮ. ಆ ತರಕಾರಿ ಎಲ್ಲಿಂದ ಬರುತ್ತದೆ? ಸಂತೆಯಿಂದ ಬರುವ ಬೀನ್ಸ್, ಎಲೆಕೋಸು, ಆಲೂಗಡ್ಡೆ. ಸಂತೆಗೆ ಅದು ಬರುವುದು ಬಯಲುಸೀಮೆಯಿಂದ. ಶಾಲೆಯ ಹಿಂದಿನ ಹಿತ್ತಿಲಲ್ಲಿ ಹಲಸು ಕೊಳೆಯುತ್ತಿರುತ್ತದೆ, ಬಸಳೆ ಚಪ್ಪರ ಹಬ್ಬಿರುತ್ತದೆ, ಕರಾವಳಿಗೆ ಹತ್ತಿದ ಊರುಗಳಲ್ಲಿ ಕುಚ್ಚಲಕ್ಕಿ ಕೊಡಿ ಎಂಬ ಹಳೆಯ ಬೇಡಿಕೆ ಹಾಗೆಯೇ ಇರುತ್ತದೆ. ಒಲೆಯ ಮುಂದಿರುವ ಮಹಿಳೆಯರು ಅದೇ ಊರಿನವರು. ಮನೆಯಲ್ಲಿ ಹತ್ತು ಬಗೆಯ ತಂಬುಳಿ ಬಲ್ಲವರು ಶಾಲೆಯಲ್ಲಿ ವರ್ಷವಿಡೀ ಒಂದೇ ಸಾಂಬಾರು ಕುದಿಸುತ್ತಾರೆ. ಅವರನ್ನು ಏನು ಬಲ್ಲಿರಿ ಎಂದು ಯಾವ ತರಬೇತಿಯಲ್ಲೂ ಕೇಳಿದಂತಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಇವರೇ ಮರುವರ್ಷ ಒಂದನೆಯ ತರಗತಿಯ ಬೆಂಚಿಗೆ ಬರುವವರು. ಸರ್ಕಾರದ ಉತ್ತರವೆಂದರೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿದ ಸಾರವರ್ಧಿತ ಅಕ್ಕಿ. ಸೊಪ್ಪು, ಧಾನ್ಯದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ, ಊಟದೊಂದಿಗಿನ ಚಹಾ ಅಡ್ಡಿಯಾಗುತ್ತದೆ ಎಂಬುದು ಬಹುಕಾಲದಿಂದ ಗೊತ್ತಿರುವ ವಿಷಯ. ನೆಲ್ಲಿಕಾಯಿ ಇರುವ ನಾಡಿನಲ್ಲಿ, ಊಟದ ತಟ್ಟೆಯ ಬದಿಗೆ ನೆಲ್ಲಿಯ ಒಂದು ತುಂಡು ಇಡುವ ಮಾತು ಯಾವ ಸುತ್ತೋಲೆಯಲ್ಲೂ ಕಾಣದು.

ನಿಯಮಗಳೇ ಅಡ್ಡಿ ಎನ್ನುವಂತಿಲ್ಲ. 2021ರಲ್ಲಿ ಪಿ.ಎಂ. ಪೋಷಣ್ ಎಂದು ಹೆಸರು ಬದಲಿಸಿಕೊಂಡ ಕೇಂದ್ರದ ಯೋಜನೆ ಸ್ಥಳೀಯ ಆಹಾರವನ್ನೂ ಶಾಲಾ ಕೈತೋಟವನ್ನೂ ಪ್ರೋತ್ಸಾಹಿಸಬೇಕೆನ್ನುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಬೆಳೆ, ಅವುಗಳ ಬಳಕೆಯ ಜ್ಞಾನವನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಪುಸ್ತಕ ಪಂಚಾಯಿತಿಯ ಕಪಾಟಿನಲ್ಲಿದೆ, ಅಡುಗೆಮನೆ ಶಾಲೆಯಲ್ಲಿದೆ. ನಡುವೆ ಇರುವ ಅಂತರ ಬಹಳವೆಂದರೆ ಒಂದು ಮೈಲಿ. ಆ ದಾಖಲಾತಿಯಿಂದ ಊರಿನವರೆಲ್ಲ ಬಲ್ಲ, ಹಿತ್ತಿಲಲ್ಲಿ ಬೆಳೆಸಬಹುದಾದ ಐದಾರು ಸೊಪ್ಪು, ನಾಲ್ಕು ಹಣ್ಣುಗಳನ್ನು ಆರಿಸಿ ವಾರದ ಪಟ್ಟಿಗೆ ಸೇರಿಸಲು ಎಸ್‌ಡಿಎಂಸಿಯ ಒಂದು ಸಭೆ ಸಾಕು. ಒಮ್ಮೆ ಬಡಿಸಿ, ಮಕ್ಕಳು ಬಿಟ್ಟರೆಂದು ಕೈಬಿಡಬಾರದು. ಹತ್ತು ಹದಿನೈದು ಬಾರಿಯ ಲೆಕ್ಕವನ್ನು ಅಡುಗೆಯವರೂ ಶಿಕ್ಷಕರೂ ನೆನಪಿಡಬೇಕು. ಕಾಡಿಗೆ ಮಕ್ಕಳನ್ನು ಕಳುಹಿಸಲಾಗದ ಊರಿನಲ್ಲಿ ಕವಳಿ, ನೆಲ್ಲಿ, ನೇರಳೆ, ಮುರುಗಲಿನ ಸಸಿಗಳನ್ನು ಶಾಲೆಯ ಬೇಲಿಗೆ ತರಬಹುದು. ವನಮಹೋತ್ಸವಕ್ಕೆ ಸಿಲ್ವರ್ ಓಕ್ ನೆಡುವ ಚಾಳಿಯನ್ನು ಶಾಲೆಗಳು ಇನ್ನಾದರೂ ಬಿಡಲಿ.

ಮುಖ್ಯೋಪಾಧ್ಯಾಯರ ಅಳುಕೂ ನಿಜವಾದದ್ದು. 2013ರಲ್ಲಿ ಬಿಹಾರದ ಛಪ್ರಾ ಬಳಿಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ 23 ಮಕ್ಕಳನ್ನು ಬಲಿ ತೆಗೆದುಕೊಂಡ ಮೇಲೆ, ಊಟದ ಜವಾಬ್ದಾರಿ ಹೊತ್ತ ಯಾವ ಶಿಕ್ಷಕರೂ ಗುರುತಿಲ್ಲದ ಎಲೆಯನ್ನು ಪಾತ್ರೆಗೆ ಹಾಕಲು ಒಪ್ಪಲಾರರು, ಒಪ್ಪಲೂಬಾರದು. ಅಣಬೆ ಶಾಲೆಯ ಅಡುಗೆಮನೆಗೆ ಬರಬಾರದು. ಕಳಲೆಯನ್ನೂ ನೆನೆಸಿ ಹದಮಾಡಬಲ್ಲ ಮನೆಗಳಿಗೇ ಬಿಡುವುದು ಲೇಸು. ಔಷಧ ಹೊಡೆದ ತೋಟದ ಸೊಪ್ಪು ಬೇಡ. ಇಷ್ಟು ಗೆರೆ ಎಳೆದುಕೊಂಡ ಮೇಲೂ ಬಸಳೆ, ಹರಿವೆ, ನುಗ್ಗೆ, ಒಂದೆಲಗ, ಚಕ್ರಮುನಿ, ಹಲಸು, ಬಾಳೆದಿಂಡು, ಪಪ್ಪಾಯಿ ಉಳಿಯುತ್ತವೆ.

ಹಲಸಿನ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ನೂರು ಮಕ್ಕಳಿಗೆ ಹಲಸಿನ ಪಲ್ಯವಾಗಬೇಕಾದರೆ ಬೆಳಿಗ್ಗೆ ಎದ್ದು ಕೈಗೆ ಎಣ್ಣೆ ಸವರಿಕೊಂಡು, ಮೇಣ ತೆಗೆದು, ತೊಳೆ ಬಿಡಿಸಿ, ಬೇಳೆ ಬೇರೆ ಮಾಡಬೇಕು. ಕನಿಷ್ಠವೆಂದರೂ ಇಬ್ಬರಿಗೆ ಎರಡು ತಾಸಿನ ಕೆಲಸ. ಎಲೆಕೋಸು ಹೆಚ್ಚಲು ಕಾಲು ತಾಸು ಸಾಕು. ಅಡುಗೆಯವರಿಗೆ ಸಿಗುತ್ತಿರುವುದು ಕೂಲಿಯಲ್ಲ, ಗೌರವಧನವೆಂಬ ಅಲ್ಪ ಮೊತ್ತ. ಅದರಲ್ಲಿ ಈ ಎರಡು ತಾಸನ್ನು ಪುಕ್ಕಟೆಯಾಗಿ ಕೇಳುವ ಹಕ್ಕು ಎಸ್‌ಡಿಎಂಸಿಗೂ ಇಲ್ಲ, ಪರಿಸರ ಸಂಘಗಳಿಗೂ ಇಲ್ಲ. ಈ ಹೆಚ್ಚುವರಿ ದುಡಿಮೆಗೆ ಪಂಚಾಯಿತಿ ಹಣ ಕೊಡುವುದೇ, ಪೋಷಕರು ಸರದಿಯಲ್ಲಿ ಬಂದು ಹಲಸು ಬಿಡಿಸುವರೇ ಎಂಬುದು ಜೂನ್ ತಿಂಗಳ ಮೊದಲ ಸಭೆಯಲ್ಲೇ ಇತ್ಯರ್ಥವಾಗಬೇಕು. ಆ ಹೊತ್ತಿಗೆ ಮರದ ಮೇಲೆ ಕಾಯಿ ಇನ್ನೂ ಉಳಿದಿರುತ್ತದೆ.